ಹೆಂಗಸರನ್ನು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳ ಬಗ್ಗೆ ಐರ್ಲೆಂಡ್ ಸರ್ಕಾರ ಕ್ಷಮೆ ಕೇಳಲು ಅಷ್ಟು ತಡ ಮಾಡಿದ್ದು ಯಾಕೆ?

ಅವು ಕ್ರೈಸ್ತ ಸನ್ಯಾಸಿನಿಯರು ನಡೆಸುವ ಖಾಸಗಿ ಜಾಗಗಳು, ನಮಗೆ ಸಂಬಂಧವಿಲ್ಲ ಎಂದು ಸರ್ಕಾರ ವರ್ಷಗಟ್ಟಲೆ ಹೇಳುತ್ತಾ ಬಂತು. 1922ರಿಂದ 1996ರವರೆಗೆ ಸುಮಾರು 10,000 ಹೆಂಗಸರು, ಹುಡುಗಿಯರು ಅಲ್ಲಿ ಸಂಬಳವಿಲ್ಲದೆ ಬಟ್ಟೆ ಒಗೆದರು. ಮದುವೆಗೆ ಮುಂಚೆ ಬಸಿರಾದವರು, ಅನಾಥರು, ಸುಮ್ನೆ ಮನೆಗೆ ಬೇಡವಾದವರೂ ಇದ್ದರು. ಓಡಿಹೋದವರನ್ನು ಪೊಲೀಸರೇ ಹಿಡಿದು ತಂದದ್ದೂ ಉಂಟು. ಹಾಗಿದ್ದ ಮೇಲೆ ಸಂಬಂಧವಿಲ್ಲ ಅನ್ನೋದು ಹೇಗೆ, ಅಲ್ವಾ?

2013ರ ಫೆಬ್ರವರಿಯಲ್ಲಿ ಬಂದ ಮೆಕಲೀಸ್ ವರದಿ, ಅಂದರೆ ಸರ್ಕಾರವೇ ನೇಮಿಸಿದ ತನಿಖಾ ಸಮಿತಿಯ ವರದಿ, ಹೇಗೆ ಬಂದರೆಂದು ಗೊತ್ತಿದ್ದ ಸೇರ್ಪಡೆಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸರ್ಕಾರದ ಮೂಲಕವೇ ಆಗಿದ್ದವು ಎಂದು ತೋರಿಸಿತು. ಎರಡು ವಾರದ ನಂತರ, ಫೆಬ್ರವರಿ 19ರಂದು, ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ಗದ್ಗದಿತರಾಗಿ ಕ್ಷಮೆ ಕೇಳಿದರು. ಆಮೇಲೆ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಲಾಂಡ್ರಿ ನಡೆಸಿದ ನಾಲ್ಕು ಧಾರ್ಮಿಕ ಸಂಘಗಳು ಮಾತ್ರ ಅದಕ್ಕೆ ಹಣ ಹಾಕಲು ಒಪ್ಪಲಿಲ್ಲ. ನನಗೆ ಹೆಚ್ಚು ನೋವಾಗುವುದು ಅಲ್ಲೇ.