ಜೈಲಿನಲ್ಲಿ ಹೆಂಗಸರ ಪಾಡು ಗಂಡಸರಿಗಿಂತ ಕಷ್ಟ ಅಂತಾರಲ್ಲ, ಯಾಕೆ?

ಮೊದಲ ಕಾರಣ ಸಂಖ್ಯೆ. ದೇಶದ ಕೈದಿಗಳಲ್ಲಿ ಹೆಂಗಸರು 100ಕ್ಕೆ ಸುಮಾರು 4 ಮಂದಿ. ಹಾಗಾಗಿ ಜೈಲು ಕಟ್ಟಿದ್ದೇ ಗಂಡಸರ ಲೆಕ್ಕದಲ್ಲಿ. ಹೆಚ್ಚಿನ ಕಡೆ ಅದರೊಳಗೇ ಹೆಂಗಸರಿಗೊಂದು ಮೂಲೆ. ಅವರಿಗೇ ಮೀಸಲಾದ ಜೈಲುಗಳು ಕಡಿಮೆ, ದೂರ ಬೇರೆ. ಶಿರಸಿಯ ಅಜ್ಜಿ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರಲೇ ಒಂದು ದಿನ ಬೇಕು. ಮಗಳು ಅದಕ್ಕೂ ದೂರದ ಜೈಲಿನಲ್ಲಿದ್ದರೆ ನೋಡಲು ಹೋಗುತ್ತಾಳಾ?

6 ವರ್ಷದವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿರಬಹುದು. ಅದಕ್ಕೆ ಊಟ, ಔಷಧಿ, ಕಲಿಕೆ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ನನ್ನ ಪ್ರಕಾರ ಮೊದಲು ಸರಿಯಾಗಬೇಕಾದದ್ದು ಜಾಮೀನು. ಒಳಗಿರುವವರಲ್ಲಿ ಜಾಸ್ತಿ ಜನ ವಿಚಾರಣಾಧೀನರು. ಜಾಮೀನು ಸಿಕ್ಕರೂ ಪಹಣಿ ಹಿಡಿದು ಸಹಿ ಹಾಕಲು ಯಾರಾದರೂ ಬರಬೇಕಲ್ವಾ? ಮನೆಯವರೇ ಕೈಬಿಟ್ಟ ಹೆಂಗಸಿಗೆ ಯಾರು ಬರುತ್ತಾರೆ?