ಅನಿಮೇಷನ್ ಪ್ರಾಜೆಕ್ಟ್‌ಗೆ ಫ್ಯಾಷನ್ ಡಿಸೈನ್‌ನಿಂದ ನಿಜವಾಗಿ ಏನನ್ನು ತರಬಹುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಕೊನೇ ವರ್ಷದ ಪ್ರಾಜೆಕ್ಟ್, ಎರಡು ನಿಮಿಷದ ಟೂಡಿ ಚಿತ್ರ, ಒಬ್ಬ ಅಜ್ಜಿ ಮತ್ತು ಮೊಮ್ಮಗಳು, ಅಜ್ಜಿ ಇಳಕಲ್ ಸೀರೆ ಉಡುತ್ತಾಳೆ. ಪಾತ್ರಗಳಿಗೆ ಚೆಂದದ ಬಟ್ಟೆ ತೊಡಿಸುವುದು ಬಿಟ್ಟು ಫ್ಯಾಷನ್ ಡಿಸೈನ್‌ನಿಂದ ಬೇರೆ ಏನು ತರಬಹುದು ಅಂತ ಕೇಳಿದ್ದೀರಿ. ನಾನು ಫ್ಯಾಷನ್ ಓದಿ, ಆಮೇಲೆ ಅನಿಮೇಷನ್ ಕೆಲಸಕ್ಕೆ ಬಂದವಳು. ಈ ವಿಷಯ ನನಗೆ ತುಂಬಾ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬಟ್ಟೆ ಯಾವುದು ಅಂತ ತೀರ್ಮಾನ ಮಾಡಿ, ಆಮೇಲೆ ಪಾತ್ರ ಬಿಡಿಸಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ. ಸಾಮಾನ್ಯವಾಗಿ ಮೈ ಬಿಡಿಸಿ, ಅದರ ಮೇಲೆ ಸೀರೆಯ ಗೆರೆ ಎಳೆದು, ಬಣ್ಣ ತುಂಬಿ ಮುಗಿಸುತ್ತಾರೆ. ಆ ಸೀರೆ ಹತ್ತಿಯೋ ರೇಷ್ಮೆಯೋ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಬಿಡಿಸಿದವರಿಗೂ. ಫ್ಯಾಷನ್ ಕ್ಲಾಸಿನಲ್ಲಿ ಮಾತ್ರ ಬಟ್ಟೆ ಕೈಗೆ ಕೊಟ್ಟೇ ಪಾಠ ಶುರು ಮಾಡುತ್ತಾರೆ. ಇದು ಎಷ್ಟು ತೂಕ, ಮಡಚಿದರೆ ಮಡಿಕೆ ನಿಲ್ಲುತ್ತದಾ, ಎತ್ತಿ ಬಿಟ್ಟರೆ ಹೇಗೆ ಬೀಳುತ್ತದೆ. ಅನಿಮೇಟರ್‌ಗೆ ಬೇಕಾದ ಪ್ರಶ್ನೆಗಳೂ ಇವೇ ಅಲ್ವಾ?

ಇಳಕಲ್ ಸೀರೆಯನ್ನೇ ನೋಡಿ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಯುವ ಹಳೇ ಮಾದರಿಯ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸಿನ ಎಳೆಗಳನ್ನೂ (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು) ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಟೋಪ್ ತೆನಿ ಅನ್ನುತ್ತಾರೆ. ಅಂದರೆ ಒಂದೇ ಸೀರೆಯಲ್ಲಿ ಎರಡು ಬಟ್ಟೆ ಇವೆ, ಮತ್ತು ಎರಡೂ ಒಂದೇ ಥರ ಅಲುಗಾಡುವುದಿಲ್ಲ. ಹತ್ತಿಯ ಒಡಲಿಗೆ ಗಂಜಿ ಹಾಕಿದ್ದರಂತೂ ನಿರಿಗೆ ಮೂಲೆ ಮೂಲೆಯಾಗಿ ಮುರಿದು ನಿಲ್ಲುತ್ತದೆ. ರೇಷ್ಮೆಯ ಸೆರಗು ಹೆಗಲಿನಿಂದ ಜಾರುತ್ತದೆ, ಗಾಳಿಗೆ ಬೇಗ ಏಳುತ್ತದೆ, ಬಾಗಿದ ಗೆರೆಯಲ್ಲಿ ಇಳಿಯುತ್ತದೆ. ನಿಮ್ಮ ಅಜ್ಜಿ ನಡೆದು ಬಂದು ನಿಂತಳು ಅಂದುಕೊಳ್ಳಿ. ಮೈ ನಿಂತ ಎರಡು ಮೂರು ಡ್ರಾಯಿಂಗ್ ಒಳಗೆ ಒಡಲಿನ ನಿರಿಗೆ ನಿಲ್ಲಲಿ, ಸೆರಗಿನ ತುದಿ ಮಾತ್ರ ಇನ್ನೂ ಆರೇಳು ಡ್ರಾಯಿಂಗ್ ಹಿಂದೆ ಮುಂದೆ ಆಡಿ ಆಮೇಲೆ ನಿಲ್ಲಲಿ. ಹೀಗೆ ಮೈ ನಿಂತ ಮೇಲೂ ಜೋತ ಭಾಗಗಳು ತಡವಾಗಿ, ಬೇರೆ ಬೇರೆ ಹೊತ್ತಿಗೆ ನಿಲ್ಲುವುದನ್ನು ಫಾಲೋ ಥ್ರೂ, ಓವರ್‌ಲ್ಯಾಪಿಂಗ್ ಆಕ್ಷನ್ ಅಂತ ನಿಮಗೆ ಮೊದಲ ವರ್ಷದಲ್ಲೇ ಹೇಳಿಕೊಟ್ಟಿರುತ್ತಾರೆ. ಯಾವುದಕ್ಕೆ ಎಷ್ಟು ಫ್ರೇಮ್ ಕೊಡಬೇಕು ಅನ್ನುವುದನ್ನು ಬಟ್ಟೆಯಿಂದಲೇ ಕಲಿಯಬೇಕು.

ಅದಕ್ಕೆ ಒಂದು ನಿಜವಾದ ಸೀರೆ ತನ್ನಿ. ಮನೆಯಲ್ಲಿ ಇಲ್ಲದಿದ್ದರೆ ಯಾರಿಂದಾದರೂ ಕೇಳಿ ಪಡೆಯಿರಿ. ಉಡಲು ಗೊತ್ತಿರುವ ಹಿರಿಯರೊಬ್ಬರಿಗೆ ಉಡಲು ಹೇಳಿ, ಅವರು ನಡೆಯುವುದು, ತಿರುಗುವುದು, ಕೂರುವುದು, ಏಳುವುದನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಸೀರೆಗೆ ಫಾಲ್ ಹಾಕಿದೆಯಾ ನೋಡಿ. ಫಾಲ್ ಹಾಕಿದ ಅಂಚು ಭಾರವಾಗಿ ನೇರ ಇಳಿಯುತ್ತದೆ, ಹಾಕದೇ ಇದ್ದರೆ ಪಾದದ ಹತ್ತಿರ ಹಗುರವಾಗಿ ಹಾರುತ್ತದೆ. ಸೆರಗಿಗೆ ಕುಚ್ಚು ಕಟ್ಟಿಸಿದ್ದರೆ ತುದಿಯ ಆಟವೇ ಬೇರೆ. ಮೊದಲು ಸೆರಗು ತಿರುಗುತ್ತದೆ, ಕುಚ್ಚು ಅದರ ಹಿಂದೆ ತಡವಾಗಿ ಬರುತ್ತದೆ. ಈ ವಿಡಿಯೋಗಳನ್ನು ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಬಟ್ಟೆಯ ತುಂಡಿನ ಜೊತೆ ಸೇರಿಸಿ. ಗೂಗಲ್‌ನಿಂದ ಚಿತ್ರ ತೆಗೆದು ಜೋಡಿಸಿದ ಮೂಡ್ ಬೋರ್ಡ್‌ಗಿಂತ ಇದಕ್ಕೆ ತೂಕ ಜಾಸ್ತಿ.

ಸೆರಗಿನ ಬಗ್ಗೆ ಇನ್ನೂ ಹೇಳಬೇಕು, ಯಾಕಂದರೆ ನಿಮ್ಮ ಕಥೆ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಉತ್ತರ ಕರ್ನಾಟಕದ ಅಜ್ಜಿ ಸೆರಗನ್ನು ತಲೆ ಮೇಲೆ ಹೊದ್ದಿರುತ್ತಾಳೆ. ಹಿರಿಯರು ಬಂದರೆ ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಕೆಲಸಕ್ಕೆ ಇಳಿದರೆ ಸೊಂಟಕ್ಕೆ ಸಿಕ್ಕಿಸುತ್ತಾಳೆ. ಅದರ ತುದಿಯಲ್ಲಿ ಮೊಮ್ಮಗಳ ಮೂಗು ಒರೆಸುತ್ತಾಳೆ, ದುಡ್ಡು ಗಂಟು ಹಾಕಿಟ್ಟುಕೊಳ್ಳುತ್ತಾಳೆ, ಬಿಸಿ ಪಾತ್ರೆ ಹಿಡಿಯುತ್ತಾಳೆ, ಅಳು ಬಂದರೆ ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಒಳ್ಳೆ ಉಡುಪು ವಿನ್ಯಾಸಕರು ಬಟ್ಟೆ ಉಟ್ಟವರ ಕೈ ಎಲ್ಲೆಲ್ಲಿ ಹೋಗುತ್ತದೆ ಅಂತ ಗಮನಿಸುತ್ತಾರೆ, ಜೇಬು ಎಲ್ಲಿರಬೇಕು ಅಂತ ಹಾಗೇ ಗೊತ್ತಾಗುವುದು. ನೀವು ಅಜ್ಜಿಯ ಕೈಯನ್ನು ಹಾಗೆ ಗಮನಿಸಿದರೆ ಸಂಭಾಷಣೆ ಅರ್ಧ ಕಡಿಮೆ ಮಾಡಬಹುದು. ಅವಳು ದುಡ್ಡಿನ ಗಂಟು ಬಿಚ್ಚುವುದನ್ನು ಹತ್ತು ಸೆಕೆಂಡ್ ತೋರಿಸಿ ಸಾಕು, ಬೇರೆ ಮಾತು ಬೇಕಾಗುವುದಿಲ್ಲ.

ಇನ್ನು ಮೊಮ್ಮಗಳ ಬಟ್ಟೆ. ಅವಳಿಗೆ ಲಂಗವೋ ಫ್ರಾಕೋ ಹೊಲಿಸುತ್ತೀರಿ ಅಂದುಕೊಂಡಿದ್ದೇನೆ. ಇಲ್ಲಿ ಕಟ್ಟಿಂಗ್ ಮುಖ್ಯ. ಬಟ್ಟೆಯನ್ನು ಎಳೆಯ ನೇರಕ್ಕೆ ಕತ್ತರಿಸಿದರೆ ಅದು ಅಷ್ಟಾಗಿ ಹಿಗ್ಗುವುದಿಲ್ಲ. ಓರೆಯಾಗಿ, ನಮ್ಮ ಟೈಲರ್‌ಗಳು ಕ್ರಾಸ್ ಕಟ್ ಅನ್ನುತ್ತಾರಲ್ಲ ಹಾಗೆ, ಕತ್ತರಿಸಿದರೆ ಅದೇ ಬಟ್ಟೆ ಹಿಗ್ಗುತ್ತದೆ, ಮೈಗೆ ಅಂಟುತ್ತದೆ, ತಿರುಗಿದಾಗ ಮೆತ್ತಗೆ ಸುತ್ತಿಕೊಳ್ಳುತ್ತದೆ. 1920ರ ದಶಕದಲ್ಲಿ ಪ್ಯಾರಿಸ್‌ನ ಉಡುಪು ವಿನ್ಯಾಸಕಿ ಮಾಡ್ಲೀನ್ ವಿಯೊನೆ ಇದೇ ಓರೆ ಕಟ್ಟಿಂಗ್‌ಗೆ ಹೆಸರಾದವರು. ಅವರು ಬರೀ ಕಾಗದದ ಮೇಲೆ ಬಿಡಿಸುತ್ತಾ ಕೂರದೆ ಚಿಕ್ಕದೊಂದು ಮರದ ಬೊಂಬೆಯ ಮೇಲೆ ಬಟ್ಟೆ ಸುತ್ತಿ ನೋಡಿ ವಿನ್ಯಾಸ ಮಾಡುತ್ತಿದ್ದರು. ನೀವೂ ಮಾಡಿ. ಡ್ರಾಯಿಂಗ್‌ಗೆ ಬಳಸುವ ಮರದ ಬೊಂಬೆ ಇದ್ದರೆ ತೆಳ್ಳನೆ ಮಲ್ ಬಟ್ಟೆಯಲ್ಲಿ ಒಂದು ಲಂಗ ನೇರಕ್ಕೆ, ಒಂದು ಓರೆಗೆ ಕತ್ತರಿಸಿ ತೊಡಿಸಿ, ಬೊಂಬೆಯನ್ನು ತಿರುಗಿಸಿ ನೋಡಿ. ದಪ್ಪ ಬಟ್ಟೆ ಬೇಡ, ಚಿಕ್ಕ ಅಳತೆಯಲ್ಲಿ ಅದು ರಟ್ಟಿನ ಹಾಗೆ ನಿಲ್ಲುತ್ತದೆ. ಹಟಮಾರಿ ಹುಡುಗಿಗೆ ನೇರ ಕಟ್ಟಿಂಗಿನ ಬಿಗಿ ಲಂಗ ಹೊಂದುತ್ತದೆ, ಕುಣಿಯುವ ಹುಡುಗಿಗೆ ಓರೆಯದ್ದು. ನಿಮ್ಮ ಹುಡುಗಿ ಯಾವ ಥರ ಅನ್ನುವುದು ನಿಮಗೇ ಗೊತ್ತು.

ಕೆಲಸದ ಲೆಕ್ಕವನ್ನೂ ನೋಡಬೇಕು. ಸೆಕೆಂಡಿಗೆ 24 ಫ್ರೇಮ್, ಒಂದು ಡ್ರಾಯಿಂಗ್ ಎರಡು ಫ್ರೇಮ್ ನಿಂತರೆ ಸೆಕೆಂಡಿಗೆ 12, ಎರಡು ನಿಮಿಷಕ್ಕೆ 1,440 ಡ್ರಾಯಿಂಗ್. ಪ್ರತಿಯೊಂದರಲ್ಲೂ ಒಡಲಿನ ಚೌಕುಳಿ ಬಿಡಿಸಲು ಆಗುವುದಿಲ್ಲ. ಒಡಲನ್ನು ಒಂದೇ ಬಣ್ಣಕ್ಕೆ ಬಿಟ್ಟುಬಿಡಿ, ದಡಿಯನ್ನು ಮಾತ್ರ ಪ್ರೀತಿಯಿಂದ ಬಿಡಿಸಿ. ದಡಿ ಅನ್ನುವುದು ಬಟ್ಟೆಯ ಅಂಚಿನಲ್ಲೇ ಓಡುವ ಗೆರೆ. ನಿರಿಗೆ ಎಲ್ಲಿ ಒಳಗೆ ಹೋಯಿತು, ಎಲ್ಲಿ ಹೊರಗೆ ಬಂತು, ಮೊಣಕಾಲು ಎಲ್ಲಿದೆ ಎಲ್ಲವನ್ನೂ ಆ ಗೆರೆಯ ಅಂಕುಡೊಂಕೇ ತೋರಿಸುತ್ತದೆ. ನೆರಳು ಹಾಕುವ ಕೆಲಸವೇ ಮುಕ್ಕಾಲು ತಪ್ಪುತ್ತದೆ.

ಕಸೂತಿಯನ್ನು ಬಿಡಲೇಬೇಡಿ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವುದು ಧಾರವಾಡ ಕಡೆಯ ಹಳೇ ರೂಢಿ. ಅದರಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ ಇವೆ. ಬಟ್ಟೆ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಹೊಲಿಯುತ್ತಾರೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಮನೆ (ಎಣಿಸಿದ ಎಳೆಗಳಷ್ಟು ಜಾಗ) ಹೊಲಿದು ಒಂದು ಮನೆ ಬಿಡುತ್ತದೆ, ವಾಪಸ್ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಮುಂದೆ ಹಿಂದೆ ಎರಡೂ ಕಡೆ ಚಿತ್ರ ಒಂದೇ ಥರ ಕಾಣುತ್ತದೆ. ಇದನ್ನು ಓದುವಾಗಲೇ ನಿಮಗೆ ಟೈಟಲ್ ಸೀಕ್ವೆನ್ಸ್ ಕಣ್ಣಿಗೆ ಬರಬೇಕು! ತುಂಡು ಗೆರೆಗಳು ಪರದೆಯ ಉದ್ದಕ್ಕೂ ಓಡಿ ಅರ್ಧ ತೇರು ಮೂಡಿಸುತ್ತವೆ, ಅದೇ ದಾರಿಯಲ್ಲಿ ವಾಪಸ್ ಬಂದು ಪೂರ್ತಿ ತೇರು ಮಾಡುತ್ತವೆ, ಆಮೇಲೆ ಬಟ್ಟೆ ಮಗುಚಿ ಬಿದ್ದರೆ ಹಿಂದಿನ ಕಡೆಯಿಂದ ಮುಂದಿನ ದೃಶ್ಯ ಶುರು. ಅಜ್ಜಿಯ ನೆನಪಿನಿಂದ ಈಗಿನ ಕಾಲಕ್ಕೆ ಬರುವ ಜಾಗದಲ್ಲೂ ಇದನ್ನೇ ಬಳಸಬಹುದು. ಹೊಲಿಗೆಯ ನಿಯಮ ಮುರಿಯದೆ ಮಾಡಿ. ಕಸೂತಿ ಗೊತ್ತಿರುವವರು ಅದನ್ನು ಗುರುತಿಸುತ್ತಾರೆ, ಅವರ ಖುಷಿ ದೊಡ್ಡದು.

ಫ್ಯಾಷನ್‌ನಿಂದ ತರಬಾರದ್ದೂ ಒಂದಿದೆ. ಫ್ಯಾಷನ್ ಸ್ಕೆಚ್‌ಗಳಲ್ಲಿ ಮನುಷ್ಯರನ್ನು ಒಂಬತ್ತು ತಲೆ ಎತ್ತರಕ್ಕೆ ಎಳೆದು ಬಿಡಿಸುತ್ತಾರೆ, ಅದು ಬಟ್ಟೆ ತೋರಿಸುವುದಕ್ಕೆ. ಪಾತ್ರ ಹೇಗಿರಬೇಕು ಅಂತ ತೋರಿಸುವ ನಿಮ್ಮ ಮಾಡೆಲ್ ಶೀಟ್‌ಗೆ ಅದು ಬೇಡ. ಅದರ ಬದಲು ಫ್ಲಾಟ್ ಡ್ರಾಯಿಂಗ್ ಮಾಡಿ, ಅಂದರೆ ಉಡುಪನ್ನು ಮೈಯಿಲ್ಲದೆ ಚಪ್ಪಟೆಯಾಗಿ, ಮುಂದೆ ಹಿಂದೆ, ಹೊಲಿಗೆ ಎಲ್ಲಿದೆ ಗುಂಡಿ ಎಲ್ಲಿದೆ ಅಂತ ಗುರುತು ಹಾಕಿ ಬಿಡಿಸುವುದು. ತಂಡದಲ್ಲಿ ಬೇರೆಯವರೂ ಡ್ರಾಯಿಂಗ್ ಮಾಡುತ್ತಿದ್ದರೆ ಇದು ಜೀವ ಉಳಿಸುತ್ತದೆ. ಬಣ್ಣಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಇಬ್ಬರ ಬಟ್ಟೆಯನ್ನೂ ಒಂದೇ ಕಲೆಕ್ಷನ್ ಅಂತ ಯೋಚಿಸಿ, ಸೆರಗಿನ ಕೆಂಪು ಹುಡುಗಿಯ ಜಡೆಯ ರಿಬ್ಬನ್ನಿನಲ್ಲೂ ಬರಲಿ, ಸಾಕು.

ಕೊನೆಗೆ ಸಾಫ್ಟ್‌ವೇರ್. ಚಿತ್ರ ಟೂಡಿ ಆದರೂ ಸೆರಗಿನ ಒಂದೆರಡು ಕಷ್ಟದ ಶಾಟ್‌ಗೆ ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಕ್ಲಾತ್ ಸಿಮ್ಯುಲೇಶನ್ (ಬಟ್ಟೆಯ ಚಲನೆಯನ್ನು ಕಂಪ್ಯೂಟರೇ ಲೆಕ್ಕ ಹಾಕುವುದು) ಮಾಡಿ, ಅದರ ಮೇಲೆ ಕೈಯಲ್ಲಿ ಟ್ರೇಸ್ ಮಾಡಬಹುದು. ಅದು ಉಚಿತ, ಕಾಟನ್ ಮತ್ತು ಸಿಲ್ಕ್ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್) ಅದರಲ್ಲೇ ಇವೆ. ಪೂರ್ತಿ ಸೀರೆ ಉಡಿಸಲು ಮಾತ್ರ ಹೋಗಬೇಡಿ, ನಿರಿಗೆಗಳು ಒಂದರೊಳಗೊಂದು ತೂರಿಕೊಂಡು ದಿನಗಟ್ಟಲೆ ಸಮಯ ತಿನ್ನುತ್ತವೆ. ಹೆಗಲ ಹತ್ತಿರ ಪಿನ್ ಮಾಡಿ ಸೆರಗಿನ ತುಂಡನ್ನಷ್ಟೇ ಬಿಡಿ. ಸಿಲ್ಕ್ ಪ್ರಿಸೆಟ್‌ನಿಂದ ಶುರು ಮಾಡಿ, ನಿಮ್ಮ ಫೋನಿನ ವಿಡಿಯೋ ಪಕ್ಕದಲ್ಲಿಟ್ಟು ಅದಕ್ಕೆ ಹೊಂದುವ ತನಕ ಬೆಂಡಿಂಗ್ (ಬಟ್ಟೆ ಬಾಗುವ ಬಿಗಿತ) ಮತ್ತು ತೂಕವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ.