ಗ್ಯಾರೇಜ್ ಬಾಗಿಲಲ್ಲಿ: ನಿಂತ ಕಾರು, ಕಟ್ಟಿದ ಇಂಜೆಕ್ಟರ್

ಪ್ರಶ್ನೆ: ನನ್ನ ಹತ್ತಿರ 1999ರ ಮರ್ಸಿಡಿಸ್ ಎಸ್‌ಎಲ್‌ಕೆ 230 ಕಂಪ್ರೆಸರ್ ಇದೆ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡೆ. ತಿಂಗಳಿಗೊಮ್ಮೆ ಓಡಿಸಿದರೆ ಹೆಚ್ಚು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಗಡಗಡ ನಡುಗುತ್ತದೆ. ಬಿಸಿಯಾದ ಮೇಲೆ ಅರ್ಧ ಸರಿಹೋಗುತ್ತದೆ. ಪೆಟ್ರೋಲ್ ವಾಸನೆಯೂ ಇದೆ. ತೋರಿಸಿದ ಕಡೆ ನಾಲ್ಕೂ ಇಂಜೆಕ್ಟರ್ ಹೊಸದು ಹಾಕಬೇಕು ಎಂದರು. ಹಾಕಿಸಲೇ? – ಓದುಗರು, ಮಧುಗಿರಿ

ಉತ್ತರ: ಸ್ವಲ್ಪ ತಡೀರಿ. ಇಂಜೆಕ್ಟರ್ ಅಂದರೆ ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಪುಟ್ಟ ಮೂತಿ, ಸಿಲಿಂಡರ್‌ಗೆ ಒಂದರಂತೆ. ಮೊದಲು ಒಂದು ಮಾತು ಹೇಳಿ. ಯಾವ ಸಿಲಿಂಡರ್ ಕೈಕೊಟ್ಟಿದೆ ಅಂತ ಅವರು ಹೇಳಿದರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಅದನ್ನು ನೋಡದೆ ನಾಲ್ಕೂ ಬದಲಿಸಿ ಅನ್ನುವುದು, ಹಲ್ಲುನೋವು ಅಂತ ಹೋದವರಿಗೆ ಸೆಟ್ ಕಟ್ಟಿಸಿಕೊಳ್ಳಿ ಅಂದ ಹಾಗೆ.

ಮನೆಯಲ್ಲಿ ಪಂಪ್ ಸ್ಟೋವ್ ಇದ್ದ ಕಾಲ ನಿಮಗೆ ನೆನಪಿದೆಯಾ? ನಿಪ್ಪಲ್‌ನಲ್ಲಿ ಕಸ ಕೂತರೆ ನೀಲಿ ಉರಿ ಹೋಗಿ ಹಳದಿ ಉರಿ ಒಂದೇ ಪಕ್ಕಕ್ಕೆ ಹೊಗೆಯಾಡುತ್ತಿತ್ತು. ಸೀಮೆಎಣ್ಣೆ ಅಷ್ಟೇ ಇರುತ್ತಿತ್ತು, ಪಾತ್ರೆಯ ತಳ ಮಾತ್ರ ಕರ‍್ರಗೆ. ಇಂಜೆಕ್ಟರ್ ಕಥೆಯೂ ಅದೇ. ಎಂಜಿನ್‌ನ ಕಂಪ್ಯೂಟರ್ ಕರೆಂಟ್ ಕೊಟ್ಟಾಗ ಒಳಗಿನ ಸುರುಳಿ ಒಂದು ಸಣ್ಣ ಸೂಜಿಯನ್ನು ಎತ್ತುತ್ತದೆ. ಎಷ್ಟು ಎತ್ತುತ್ತದೆ ಅಂತೀರಿ? ಸುಮಾರು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ, ಅಷ್ಟೇ. ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ (ಐಡ್ಲಿಂಗ್) ಅದು ತೆರೆದಿರುವುದು ಎರಡು ಮೂರು ಮಿಲಿಸೆಕೆಂಡು. ಅಷ್ಟರಲ್ಲಿ ಪೆಟ್ರೋಲ್ ಮಂಜಿನ ಹಾಗೆ ಹೊರಗೆ ಬರಬೇಕು. ನೀವು ತುಮಕೂರಿನಿಂದ ಹೈವೇ ಹಿಡಿದು 2,500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುವ ವೇಗದಲ್ಲಿ, ಒಂದು ಗಂಟೆ ಹೋದರೆ, ಎರಡು ಸುತ್ತಿಗೆ ಒಂದು ಸಲದಂತೆ ಒಂದೊಂದು ಇಂಜೆಕ್ಟರ್ 75,000 ಸಲ ತೆರೆದು ಮುಚ್ಚಿರುತ್ತದೆ. ಇಷ್ಟು ದುಡಿದರೂ ಅದು ಹಾಳಾಗುವುದು ಕಡಿಮೆ. ಅದನ್ನು ಕೆಡಿಸುವುದು ದುಡಿಮೆಯಲ್ಲ, ನಿಂತಿರುವುದು.

ಬಿಸಿ ಎಂಜಿನ್ ಆಫ್ ಮಾಡುತ್ತೀರಿ. ಇಂಜೆಕ್ಟರ್ ತುದಿಯಲ್ಲಿ ಒಂದು ಹನಿ ಪೆಟ್ರೋಲ್ ಉಳಿದಿರುತ್ತದೆ. ಕೆಳಗಿನ ಶಾಖಕ್ಕೆ ಅದರ ತೆಳು ಭಾಗ ಆವಿಯಾಗಿ, ಗಟ್ಟಿ ಭಾಗ ಅಂಟಿನ ಹಾಗೆ ಕೂರುತ್ತದೆ. ದಿನಾ ಓಡುವ ಕಾರಿನಲ್ಲಿ ಹೊಸ ಪೆಟ್ರೋಲ್ ಅದನ್ನು ತೊಳೆಯುತ್ತಾ ಇರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅದು ವಾರ್ನಿಷ್ ಆಗಿ ಒಣಗುತ್ತದೆ. ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತೇವ ಎಳೆದುಕೊಳ್ಳುತ್ತದೆ. 1999ರ ಕಾರಿನ ರಬ್ಬರ್‌ಗಳು ಅಷ್ಟು ಎಥನಾಲ್ ಲೆಕ್ಕ ಹಾಕಿ ಮಾಡಿದ್ದಲ್ಲ. ನಿಮಗೆ ಬರುತ್ತಿರುವ ವಾಸನೆ ಇಂಜೆಕ್ಟರ್ ತೊಟ್ಟಿಕ್ಕುವುದರಿಂದಲೂ ಇರಬಹುದು, ಮೆದುವಾದ ಪೈಪಿನಿಂದಲೂ ಇರಬಹುದು. ವಾಸನೆ ಎಲ್ಲಿಂದ ಅಂತ ಗೊತ್ತಾಗುವವರೆಗೆ ಗಾಡಿ ಓಡಿಸಬೇಡಿ. ಇದು ಮಾತ್ರ ತಮಾಷೆಯಲ್ಲ.

ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ಹೀಗೆ ಮಾಡಿಸಿ. ಬೆಳಿಗ್ಗೆ ನಡುಗುತ್ತಿರುವಾಗಲೇ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ಕಿತ್ತು ನೋಡಬೇಕು. ಚೆನ್ನಾಗಿರುವ ಸಿಲಿಂಡರ್‌ನದು ಕಿತ್ತರೆ ಎಂಜಿನ್ ಇನ್ನೂ ಕುಗ್ಗುತ್ತದೆ. ಯಾವುದನ್ನು ಕಿತ್ತಾಗ ಎಂಜಿನ್ ‘ನನಗೇನು’ ಅಂತ ಹಾಗೇ ಇರುತ್ತದೋ, ಅಲ್ಲಿದೆ ಕಳ್ಳ. ಕೆಲವರು ಇದಕ್ಕೆ ಪ್ಲಗ್ ವೈರ್ ಕೀಳುತ್ತಾರೆ. ನಾನು ಕೀಳುವುದಿಲ್ಲ. ಕಿಡಿ ಇಲ್ಲದೆ ಪೆಟ್ರೋಲ್ ಹಾಗೇ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಕೈಗೆ ಶಾಕ್ ಹೊಡೆಯುವುದು ಬೇರೆ.

ಕಳ್ಳ ಮೂರನೇ ಸಿಲಿಂಡರ್ ಅಂದುಕೊಳ್ಳಿ. ಮೂರನೆಯ ಇಂಜೆಕ್ಟರ್ ಒಂದಕ್ಕೆ, ಒಂದನೆಯದು ಮೂರಕ್ಕೆ ಹಾಕಿಸಿ. ತೊಂದರೆಯೂ ಒಂದನೇ ಸಿಲಿಂಡರ್‌ಗೆ ಹೋಯಿತಾ, ಇಂಜೆಕ್ಟರ್‌ನದೇ ತಪ್ಪು. ಮೂರರಲ್ಲೇ ಉಳಿಯಿತಾ, ಕಿಡಿ ಕೊಡುವ ಪ್ಲಗ್, ಕಾಯಿಲ್, ಸಿಲಿಂಡರ್ ಒಳಗಿನ ಒತ್ತಡ (ಕಂಪ್ರೆಷನ್) ನೋಡಿ. ಯಾವ ಸಿಲಿಂಡರೂ ಬೇರೆಯಾಗಿ ಕಾಣದಿದ್ದರೆ ಗಾಳಿ ಎಲ್ಲೋ ಕಳ್ಳದಾರಿಯಲ್ಲಿ ನುಗ್ಗುತ್ತಿರಬಹುದು. ಈ ವಯಸ್ಸಿನ ಗಾಡಿಗಳಲ್ಲಿ ಎಂಜಿನ್ ಒಳಗಿನ ಆವಿ ಹೋಗುವ ಬ್ರೀದರ್ ಪೈಪುಗಳು ಒಣಗಿದ ಹಪ್ಪಳದ ಹಾಗೆ ಮುರಿಯುತ್ತವೆ. ಒಳಗೆ ಬರುವ ಗಾಳಿಯನ್ನು ಅಳೆಯುವ ಏರ್ ಮಾಸ್ ಸೆನ್ಸರ್ ಕೂಡ ಮೋಸ ಮಾಡುತ್ತದೆ.

ಇಂಜೆಕ್ಟರ್‌ನದೇ ತಪ್ಪು ಅಂತಾದರೂ ಮೊದಲು ಕ್ಲೀನಿಂಗ್, ಆಮೇಲೆ ಹೊಸದು. ಹೋದ ವರ್ಷ ನಿಮ್ಮಂಥದ್ದೇ ಎರಡು ಸೀಟಿನ ಗಾಡಿ ತುಮಕೂರಿನ ಅಂತರಸನಹಳ್ಳಿಯ ನನ್ನ ಶೆಡ್‌ಗೆ ಬಂದಿತ್ತು. ನಾಲ್ಕನ್ನೂ ಬಿಚ್ಚಿ ಗಾಜಿನ ಕೊಳವೆಗಳ ಮೇಲೆ ಸಾಲಾಗಿ ಕೂರಿಸಿ, 15 ಸೆಕೆಂಡು ದ್ರವ ಬಿಟ್ಟೆ. 52, 50, 51 ಮಿಲಿಲೀಟರ್ ಬಂತು. ಕೊನೆಯದು ಬರೀ 38. ಅದಕ್ಕಿಂತ ಅದು ಬಿದ್ದ ರೀತಿ ನೋಡಬೇಕಿತ್ತು. ಮೂರು ಇಂಜೆಕ್ಟರ್‌ನಿಂದ ಮಂಜಿನ ಕೊಡೆ ಬಿಚ್ಚಿಕೊಂಡಂತಿತ್ತು. ನಾಲ್ಕನೆಯದರಿಂದ ಗಿಂಡಿಯ ಮೂತಿಯಿಂದ ಸುರಿದ ಹಾಗೆ ಒಂದೇ ಗೆರೆ, ಅದೂ ಸೊಟ್ಟ. ತಣ್ಣನೆಯ ಎಂಜಿನ್‌ನಲ್ಲಿ ಆ ಗೆರೆ ಆವಿಯಾಗುವುದಿಲ್ಲ, ಗೋಡೆಗೆ ಬಡಿದು ಇಳಿಯುತ್ತದೆ. ಬಿಸಿಯಾದ ಮೇಲೆ ಶಾಖವೇ ಅರ್ಧ ಕೆಲಸ ಮಾಡುತ್ತದೆ. ನಿಮ್ಮ ಗಾಡಿ ಬಿಸಿಯಾದಾಗ ಅರ್ಧ ಸಮಾಧಾನವಾಗುವುದು ಇದರಿಂದಲೂ ಇರಬಹುದು.

ನಮ್ಮ ಮಾವನವರು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. 2016ರಲ್ಲಿ ಎಚ್‌ಎಂಟಿ ವಾಚ್‌ಗೆ ಬಾಗಿಲು ಹಾಕುವ ತೀರ್ಮಾನವಾಯಿತಲ್ಲ, ಆ ವರ್ಷ ಅವರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ನನ್ನ ಪಾಲಿಗೆ ಬಂತು. ಅದರಲ್ಲಿ ಆ ಇಂಜೆಕ್ಟರ್‌ನ ಮೂತಿ ನೋಡಿದೆ. ತೂತಿನ ಸುತ್ತ ಅರ್ಧ ಚಂದ್ರದ ಹಾಗೆ ಕಂದು ಕಟ್ಟು, ಹಳೇ ಬೆಲ್ಲದ ಪಾಕ ಒಣಗಿದಂತೆ. ಬರಿಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ವಾಚಿನ ಚಕ್ರಗಳನ್ನು ತೊಳೆಯಲು ಬಳಸುವ ಅಲ್ಟ್ರಾಸೋನಿಕ್ ತೊಟ್ಟಿಯೇ, ಅಂದರೆ ಕಿವಿಗೆ ಕೇಳದ ಶಬ್ದದ ಅಲೆಗಳಿಂದ ತೊಳೆಯುವ ತೊಟ್ಟಿಯೇ, ಇಂಜೆಕ್ಟರ್‌ಗೂ ಆಗುತ್ತದೆ. ದ್ರವದೊಳಗೆ ಸಣ್ಣ ಸಣ್ಣ ಗುಳ್ಳೆಗಳು ಹುಟ್ಟಿ ಒಡೆದು ಕೊಳೆಯನ್ನು ಬಿಡಿಸುತ್ತವೆ. ಜೊತೆಗೆ ಇಂಜೆಕ್ಟರ್‌ಗೆ ಕರೆಂಟಿನ ಮಿಡಿತ ಕೊಟ್ಟು ತೆರೆದು ಮುಚ್ಚಿಸುತ್ತಿರಬೇಕು. ಮುಚ್ಚಿದ ಬಾಯಿಯನ್ನು ತೊಳೆದರೆ ಏನು ಬಂತು? ಅರ್ಧ ಗಂಟೆಯ ಎರಡು ಸುತ್ತು ಆದ ಮೇಲೆ ನಾಲ್ಕನೆಯದು 50 ಕೊಟ್ಟಿತು. ಮೇಲುಗಡೆಯ ಪುಟ್ಟ ಫಿಲ್ಟರ್, ಸೋರದಂತೆ ತಡೆಯುವ ಎರಡೂ ರಬ್ಬರ್ ಬಳೆ (ಓ-ರಿಂಗ್) ಹೊಸದು ಹಾಕಿದೆ. ದೇವರಾಯನದುರ್ಗದ ಘಾಟಿ ಹತ್ತಿಸಿ ಇಳಿಸಿದೆವು. ಮೇಲೆ ನಿಂತು ರೂಫ್ ಮಡಚಿ ಫೋಟೋ ತೆಗೆಸಿಕೊಂಡದ್ದು ಟೆಸ್ಟ್‌ನ ಭಾಗ ಅಲ್ಲ, ಬಿಡಿ.

ಪ್ರಶ್ನೆ: ಕ್ಲೀನ್ ಮಾಡಿದರೂ ಸರಿಹೋಗದಿದ್ದರೆ? ಆನ್‌ಲೈನ್‌ನಲ್ಲಿ ನಾಲ್ಕರ ಸೆಟ್ ಬಹಳ ಅಗ್ಗಕ್ಕೆ ಸಿಗುತ್ತಿದೆ. – ಓದುಗರು, ಸಿರಾ

ಉತ್ತರ: ತೊಳೆದ ಮೇಲೂ ಉಳಿದವಕ್ಕಿಂತ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಅಥವಾ ಮುಚ್ಚಿದಾಗಲೂ ತೊಟ್ಟಿಕ್ಕುತ್ತಿದ್ದರೆ ಬದಲಿಸಿ. ಸುರುಳಿಯ ರೆಸಿಸ್ಟೆನ್ಸ್ ಕೂಡ ಮೀಟರ್ ಹಿಡಿದು ನೋಡಿ. ಈ ಕಾಲದ ಬಹುತೇಕ ಗಾಡಿಗಳಲ್ಲಿ ಅದು 12ರಿಂದ 16 ಓಮ್ ಇರುತ್ತದೆ. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಅಗ್ಗದ ಸೆಟ್ ಬೇಡ. ಹೊರಗೆ ಅಸಲಿಯ ನಂಬರೇ ಅಚ್ಚು ಹಾಕಿರುತ್ತಾರೆ, ಒಳಗೆ ನಾಲ್ಕೂ ನಾಲ್ಕು ಥರ. ನಿಮ್ಮ ಹಳೇ ಇಂಜೆಕ್ಟರ್ ಬಾಷ್‌ನದಾದರೆ ಮೈಮೇಲೆ 0 280 ಅಂತ ಶುರುವಾಗುವ ನಂಬರ್ ಇರುತ್ತದೆ. ಅದನ್ನು ಪೂರ್ತಿ ಬರೆದುಕೊಂಡು ಅದೇ ನಂಬರ್‌ನದನ್ನು ಬಿಲ್ ಸಮೇತ ತನ್ನಿ. ‘ಇದೂ ಕೂರುತ್ತೆ ಸಾರ್’ ಅಂದದ್ದು ಕೂರಬಹುದು, ಪೆಟ್ರೋಲ್ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಅಪ್ಪನ ಹಳೇ ಹೋಂಡಾ ಸಿಟಿ ವಿಟೆಕ್ ಇದೆ. ವಿಡಿಯೋ ನೋಡಿ ಮನೆಯಲ್ಲೇ ಇಂಜೆಕ್ಟರ್ ಬಿಚ್ಚಿ, ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ (ಕಾರ್ಬ್ ಕ್ಲೀನರ್) ಹೊಡೆದು ತೊಳೆಯಬಹುದಾ? – ಕಾಲೇಜು ವಿದ್ಯಾರ್ಥಿ, ತಿಪಟೂರು

ಉತ್ತರ: 106 ಕುದುರೆ ಶಕ್ತಿಯ ಆ ವಿಟೆಕ್ ಮೇಲೆ ನನಗೂ ಆಸೆಯಿದೆ, ಮಾರುವುದಾದರೆ ಹೇಳಿ. ಮೊದಲು ಟ್ಯಾಂಕ್‌ಗೆ ಹಾಕುವ ಒಳ್ಳೆಯ ಇಂಜೆಕ್ಟರ್ ಕ್ಲೀನರ್ ಒಂದು ಬಾಟಲಿ ಹಾಕಿ, ಡಬ್ಬದ ಮೇಲೆ ಬರೆದ ಅಳತೆಗೆ. ಹೈವೇಯಲ್ಲಿ ಟ್ಯಾಂಕ್ ಮುಗಿಸಿ. ತೆಳು ಕೊಳೆ ಇದ್ದರೆ ಅದಕ್ಕೇ ಹೋಗುತ್ತದೆ.

ಬಿಚ್ಚಲೇಬೇಕು ಅಂದರೆ ದೊಡ್ಡವರೊಬ್ಬರು ಜೊತೆಗಿರಲಿ, ಎಂಜಿನ್ ಪೂರ್ತಿ ತಣ್ಣಗಿರಲಿ. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಗಾಡಿ ನಿಂತಲ್ಲೇ ಎಂಜಿನ್ ಸ್ಟಾರ್ಟ್ ಮಾಡಿ ತಾನೇ ನಿಲ್ಲುವವರೆಗೆ ಬಿಡಿ. ಆಗ ಪೈಪಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆದರೂ ಬಟ್ಟೆ ಸುತ್ತಿಯೇ ಜಾಯಿಂಟ್ ಸಡಿಲಿಸಿ. ಪಿನ್ನು, ತಂತಿ ತೂತಿಗೆ ಹಾಕಬೇಡಿ. ಸ್ಟೋವ್ ನಿಪ್ಪಲ್‌ಗೆ ಅದು ಸರಿ, ಇಲ್ಲಿ ಅಳತೆಯೇ ಕೆಡುತ್ತದೆ. ಕಾರ್ಬ್ ಕ್ಲೀನರ್ ರಬ್ಬರ್ ತಿನ್ನುತ್ತದೆ. ಕಾರ್ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಹಿಡಿದುಕೊಂಡರೆ ಸುರುಳಿ ಸುಡುತ್ತದೆ. ಪಕ್ಕದಲ್ಲಿ ಪೆಟ್ರೋಲ್ ಇದ್ದರೆ ಕಿಡಿಯಿಂದ ಬೆಂಕಿಯೂ ಬರುತ್ತದೆ.

ಜೋಡಿಸುವಾಗ ಹೊಸ ಓ-ರಿಂಗ್‌ಗೆ ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ, ಬೆರಳಲ್ಲಿ ತಿರುಗಿಸುತ್ತಾ ಕೂರಿಸಿ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಣ ರಿಂಗನ್ನೇ ಒತ್ತಿ ತುರುಕಿದ್ದೆ. ಅಂಚು ಕತ್ತರಿಸಿತ್ತು, ಗೊತ್ತಾಗಲಿಲ್ಲ. ಗಿರಾಕಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ಬಾನೆಟ್ ಕೆಳಗಿಂದ ನೆಲಕ್ಕೆ ಪೆಟ್ರೋಲ್. ಪುಣ್ಯಕ್ಕೆ ಇಂಜಿನ್ ಆಫ್ ಮಾಡಿದ್ದರು. ಅಂದಿನಿಂದ ಇಗ್ನಿಷನ್ ಮಾತ್ರ ಆನ್ ಮಾಡಿ, ಪಂಪ್ ಒತ್ತಡ ಕಟ್ಟಿದ ಮೇಲೆ ಪ್ರತಿ ಜಾಯಿಂಟ್‌ಗೂ ಟಿಶ್ಯೂ ಒತ್ತಿ ನೋಡದೆ ನಾನು ಸ್ಟಾರ್ಟ್ ಮಾಡುವುದಿಲ್ಲ. ನೀವೂ ಹಾಗೇ ಮಾಡಿ. ಫೈರ್ ಎಕ್ಸ್‌ಟಿಂಗ್ವಿಷರ್ ಇಲ್ಲದಿದ್ದರೆ ಕೆಲಸ ಶುರುವೇ ಮಾಡಬೇಡಿ.

ಪ್ರಶ್ನೆ: ಕ್ಲೀನಿಂಗ್ ಮಾಡಿಸಿದರೆ ಮೈಲೇಜ್ ಎಷ್ಟು ಜಾಸ್ತಿ ಆಗುತ್ತದೆ? – ಓದುಗರು, ಗುಬ್ಬಿ

ಉತ್ತರ: ಕಟ್ಟಿಕೊಂಡಿದ್ದರೆ ಕಳೆದುಕೊಂಡದ್ದು ವಾಪಸ್ ಬರುತ್ತದೆ. ಚೆನ್ನಾಗಿದ್ದರೆ ಏನೂ ಆಗುವುದಿಲ್ಲ, ಸುಮ್ನೆ ದುಡ್ಡು ದಂಡ.

ಪ್ರಶ್ನೆ: ನನ್ನ ಡೀಸೆಲ್ ಜೀಪಿನ ಇಂಜೆಕ್ಟರ್ ನಿಮ್ಮಲ್ಲಿ ತೊಳೆದು ಕೊಡುತ್ತೀರಾ? – ಓದುಗರು, ಪಾವಗಡ

ಉತ್ತರ: ಇಲ್ಲ. ನಾವು ಮಾತಾಡಿದ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್‌ಗೆ ಬರುವ ಒತ್ತಡ ಮೂರು ನಾಲ್ಕು ಬಾರ್. ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನಲ್ಲಿ ಅದು 1,000 ಬಾರ್ ದಾಟುತ್ತದೆ. ಆ ಕೆಲಸಕ್ಕೆ ಬೆಂಚೇ ಬೇರೆ, ಕೈಯೇ ಬೇರೆ. ಡೀಸೆಲ್ ಪಂಪ್ ಕೆಲಸ ಮಾಡುವವರ ಹತ್ತಿರ ಹೋಗಿ. ನನ್ನ ಗಾಜಿನ ಕೊಳವೆಗಳು ಹೀಗೇ ಇರಲಿ.